ಕೂಲಿಯ ಅಳತೆ: ಶರಣರ ಕಾಯಕತತ್ತ್ವ ಮತ್ತು ಕನಿಷ್ಠ ವೇತನ

ಕಲ್ಯಾಣದ ಶರಣಸಂಕುಲದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಸ್ಥಾನ ವಿಶಿಷ್ಟವಾದುದು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಬಂದ ಇವರ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಸುವುದು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಈ ಪ್ರಸಂಗವನ್ನು ಅರಿಯದ ಭಕ್ತರಿಲ್ಲ.

ಸಾಮಾನ್ಯವಾಗಿ ಈ ಪ್ರಸಂಗವನ್ನು ನಿರಾಶೆಯ, ಅಪರಿಗ್ರಹದ ಪಾಠವೆಂದು ವ್ಯಾಖ್ಯಾನಿಸಲಾಗುತ್ತದೆ. ಅದು ಸರಿಯೇ. ಆದರೆ ಇದರೊಳಗೆ ಇನ್ನೊಂದು ಅರ್ಥವೂ ಅಡಗಿದೆ. 'ಹೆಚ್ಚು' ಎಂಬ ಮಾತು ಹುಟ್ಟಬೇಕಾದರೆ ಮೊದಲು 'ಸಾಕು' ಎಂಬ ಅಳತೆಯೊಂದು ಇರಬೇಕು. ದಂಪತಿಗಳ ಊಟಕ್ಕೂ ದಾಸೋಹಕ್ಕೂ ಬೇಕಾದಷ್ಟು ಅಕ್ಕಿ ಲಕ್ಕಮ್ಮನವರ ಅಳತೆಯಾಗಿತ್ತು. ಆ ಅಳತೆಯನ್ನು ಮೀರಿ ತರುವುದು ಆಚಾರಕ್ಕೆ ದೋಷವಾದರೆ, ದುಡಿದವನಿಗೆ ಆ ಅಳತೆಗಿಂತ ಕಡಿಮೆ ಕೊಡುವುದು ಏನಾಗುತ್ತದೆ? ಕಾಯಕತತ್ತ್ವವನ್ನು ಕುರಿತ ಉಪನ್ಯಾಸಗಳಲ್ಲಿ ಈ ಪ್ರಶ್ನೆ ಕೇಳಿಬರುವುದು ವಿರಳ.

ನುಲಿಯ ಚಂದಯ್ಯನವರ ಪ್ರಸಂಗವೂ ಇದನ್ನೇ ಸೂಚಿಸುತ್ತದೆ. ಹುಲ್ಲನ್ನು ಹೊಸೆದು ಹಗ್ಗ ಮಾಡಿ ಮಾರುತ್ತಿದ್ದ ಈ ಶರಣರು ತಮ್ಮ ಇಷ್ಟಲಿಂಗಕ್ಕೂ ಕಾಯಕದಿಂದ ವಿನಾಯಿತಿ ಕೊಡಲಿಲ್ಲ. ಹಗ್ಗದ ಬೆಲೆಯನ್ನು ಮೀರಿ ಬಂದ ಹಣವನ್ನೂ ಒಪ್ಪಲಿಲ್ಲ ಎಂದು ಶರಣಸಂಪ್ರದಾಯ ಹೇಳುತ್ತದೆ. ಕಟ್ಟಿಗೆ ಮಾರುತ್ತಿದ್ದ ಮೋಳಿಗೆಯ ಮಾರಯ್ಯನವರು, ಬಸವಣ್ಣನವರು ಗುಟ್ಟಾಗಿ ಇರಿಸಿಹೋದ ಹೊನ್ನನ್ನು ತಮ್ಮದೆಂದು ಇಟ್ಟುಕೊಳ್ಳಲಿಲ್ಲ. ದುಡಿಮೆಗೂ ಪ್ರತಿಫಲಕ್ಕೂ ನ್ಯಾಯವಾದ ಸಂಬಂಧವಿರಬೇಕು, ದುಡಿಮೆಯಿಂದ ಬಂದುದರಿಂದಲೇ ದಾಸೋಹ ನಡೆಯಬೇಕು ಎಂಬುದು ಈ ಮೂವರ ನಡೆಯ ಸಾರ. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಹೆಚ್ಚನ್ನು ನಿರಾಕರಿಸಿದವರು ದುಡಿದವರೇ ಹೊರತು ಕೊಡುವವರಲ್ಲ. ಕೊಡುವ ಸ್ಥಾನದಲ್ಲಿದ್ದ ಭಂಡಾರಿ ಬಸವಣ್ಣನವರ ಕೈ ಎಂದೂ ಬಿಗಿಯಾಗಿರಲಿಲ್ಲ.

ಮುಂದಿನ ಕಾಲದಲ್ಲಿ ಈ ಕ್ರಮ ತಿರುವುಮುರುವಾಯಿತು. ಸಾಕೆನ್ನುವ ಶರಣರ ನುಡಿಯನ್ನು ಒಡೆಯನು ಆಳಿಗೆ ಬೋಧಿಸತೊಡಗಿದನು. ಬಿಟ್ಟಿ ದುಡಿಮೆ 'ಸೇವೆ'ಯೆನಿಸಿತು. ಸಾಲಕ್ಕೆ ಪ್ರತಿಯಾಗಿ ತಂದೆಯ ನಂತರ ಮಗನೂ ದುಡಿಯುವ ಜೀತ ನಾಡಿನ ಹಳ್ಳಿಗಳಲ್ಲಿ ವಾಡಿಕೆಯಾಗಿ ಉಳಿಯಿತು. ಜೀತಪದ್ಧತಿಯನ್ನು ರದ್ದುಪಡಿಸುವ ಕಾಯ್ದೆ ಬಂದುದು 1976ರಲ್ಲಿ ಎಂಬುದನ್ನು ನೆನೆದರೆ, ಆ ವಾಡಿಕೆಯ ಬೇರು ಎಷ್ಟು ಆಳಕ್ಕೆ ಇಳಿದಿತ್ತೆಂಬುದು ತಿಳಿಯುತ್ತದೆ.

ಕೂಲಿಗೆ ಕೆಳಗಿನ ಮಿತಿಯೊಂದಿರಬೇಕೆಂಬ ವಿಚಾರ ಆಧುನಿಕ ಜಗತ್ತಿನಲ್ಲಿ ಕಾನೂನಿನ ರೂಪ ಪಡೆದುದು 19ನೆಯ ಶತಮಾನದ ಕೊನೆಗೆ, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತಗಳಲ್ಲಿ. 1928ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಈ ಕುರಿತು ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತದಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರು 1946ರಲ್ಲಿ ಕನಿಷ್ಠ ವೇತನ ಮಸೂದೆಯನ್ನು ಮಂಡಿಸಿದರು. ಅದು 1948ರಲ್ಲಿ ಕಾಯ್ದೆಯಾಯಿತು. ಅನುಸೂಚಿಯಲ್ಲಿ ಸೇರಿದ ಉದ್ಯೋಗಗಳಿಗೆ ಕೇಂದ್ರ ಅಥವಾ ರಾಜ್ಯ ಸರಕಾರ ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿ, ಐದು ವರ್ಷ ಮೀರದ ಅವಧಿಗೊಮ್ಮೆ ಪರಿಶೀಲಿಸಬೇಕೆಂದು ಅದು ವಿಧಿಸಿತು. ಆ ದರಕ್ಕಿಂತ ಕಡಿಮೆಗೆ ದುಡಿಯಲು ಕಾರ್ಮಿಕನೇ ಕರಾರು ಬರೆದುಕೊಟ್ಟರೂ ಆ ಕರಾರು ಅಸಿಂಧುವೆಂದು ಸಾರಿತು.

ಈ ಕೊನೆಯ ಮಾತಿನ ಮಹತ್ವ ಬೇಗನೆ ಪರೀಕ್ಷೆಗೆ ಒಳಗಾಯಿತು. ಅಂದಿನ ಅಜ್ಮೀರ್ ರಾಜ್ಯದ ಬಿಜಯ್ ಕಾಟನ್ ಮಿಲ್ಸ್ ಎಂಬ ಗಿರಣಿಯ ಕಾರ್ಮಿಕರಿಗೆ ಸರಕಾರ ತಿಂಗಳಿಗೆ 56 ರೂಪಾಯಿ ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿತು. ಅಷ್ಟು ಕೊಡಲಾರೆವೆಂದು ಗಿರಣಿ ಮುಚ್ಚಿತು. ಕೆಲಸ ಕಳೆದುಕೊಂಡ ಕಾರ್ಮಿಕರಲ್ಲಿ ಹಲವರು 35 ರೂಪಾಯಿಗೇ ದುಡಿಯಲು ಸಿದ್ಧರೆಂದು ಮುಂದೆ ಬಂದರು. ಆದರೂ 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಯ್ದೆಯನ್ನೇ ಎತ್ತಿಹಿಡಿಯಿತು. ಹಸಿದವನ ಒಪ್ಪಿಗೆ ಸ್ವತಂತ್ರವಾದ ಒಪ್ಪಿಗೆಯಲ್ಲ. 'ಅವನೇ ಒಪ್ಪಿಕೊಂಡ' ಎಂದು ಇಂದಿಗೂ ಕೇಳಿಬರುವ ಸಮರ್ಥನೆಗೆ ಉತ್ತರ ಆ ತೀರ್ಪಿನಲ್ಲಿದೆ.

ಕನಿಷ್ಠವೆಂದರೆ ಎಷ್ಟು? 1957ರಲ್ಲಿ ಸೇರಿದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಇದಕ್ಕೊಂದು ಲೆಕ್ಕ ಕೊಟ್ಟಿತು. ದುಡಿಯುವವನ ಕುಟುಂಬವನ್ನು ಮೂರು ಅನುಭೋಗ ಘಟಕಗಳೆಂದು ಎಣಿಸಬೇಕು. ವಯಸ್ಕರಿಗೆ ದಿನಕ್ಕೆ 2,700 ಕ್ಯಾಲೊರಿಯಷ್ಟು ಆಹಾರ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಉರುವಲು ಮತ್ತು ಬೆಳಕು ಮೊದಲಾದವುಗಳಿಗೆ ಶೇಕಡಾ 20 ಭಾಗ ಇರಬೇಕು. 1991ರಲ್ಲಿ ರೆಪ್ಟಾಕೋಸ್ ಬ್ರೆಟ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮಕ್ಕಳ ವಿದ್ಯಾಭ್ಯಾಸ, ಔಷಧೋಪಚಾರ, ಹಬ್ಬಹರಿದಿನ, ಮದುವೆ, ಮುಪ್ಪು ಇವುಗಳಿಗಾಗಿ ಇನ್ನೂ ಶೇಕಡಾ 25 ಭಾಗ ಸೇರಬೇಕೆಂದಿತು. ಸಂಸಾರಕ್ಕೆ ಎಷ್ಟು ಸಾಕು ಎಂದು ಅಳೆದ ಲಕ್ಕಮ್ಮನವರ ಮೊರವೇ ಇಲ್ಲಿ ಮತ್ತೊಂದು ರೂಪದಲ್ಲಿ ಕಾಣುತ್ತದೆ. ಶರಣೆ ಅಳತೆಯ ಮೇಲಿನ ಅಂಚನ್ನು ಕಾಯ್ದರು. ಕಾನೂನು ಅದರ ಕೆಳಗಿನ ಅಂಚನ್ನು ಕಾಯುತ್ತದೆ.

1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಡಗಳು ಏಳುತ್ತಿದ್ದಾಗ ನಡೆದ ಪ್ರಕರಣ ಇನ್ನೂ ಮಾರ್ಮಿಕವಾದುದು. ದಿನಕ್ಕೆ 9 ರೂಪಾಯಿ 25 ಪೈಸೆ ಸಲ್ಲಬೇಕಾಗಿದ್ದ ಕೂಲಿಯಲ್ಲಿ ಜಮಾದಾರರು ಒಂದು ರೂಪಾಯಿ ಮುರಿದುಕೊಂಡು, ಕಾರ್ಮಿಕರ ಕೈಗೆ 8 ರೂಪಾಯಿ 25 ಪೈಸೆ ಕೊಡುತ್ತಿದ್ದರು. ಒಂದೇ ಒಂದು ರೂಪಾಯಿ. ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತು. ಕೈಗೆ ಕೋಳ ತೊಡಿಸಿದರೆ ಮಾತ್ರ ಬಲವಂತವಲ್ಲ, ಬಡತನವೂ ಬಲವಂತವೇ ಎಂಬುದು ಅದರ ತಾತ್ಪರ್ಯ.

ಮನೆಯೊಳಗಿನ ಕೆಲಸಕ್ಕೆ ಈ ಅಳತೆ ತಲುಪಲು ಇನ್ನೂ ಕಾಲ ಹಿಡಿಯಿತು. 2004ರಲ್ಲಿ ಕರ್ನಾಟಕ ಸರಕಾರ ಮನೆಗೆಲಸದವರಿಗೂ ಕನಿಷ್ಠ ಕೂಲಿಯನ್ನು ಅಧಿಸೂಚಿಸಿತು. ಕಸಗುಡಿಸುವ ಕಾಯಕದ ಸತ್ಯಕ್ಕ, ಭತ್ತ ಕುಟ್ಟುವ ಕಾಯಕದ ಕೊಟ್ಟಣದ ಸೋಮಮ್ಮ, ನೂಲುವ ಕದಿರೆಯ ರೆಮ್ಮವ್ವೆ ಇವರನ್ನು ಅನುಭವ ಮಂಟಪದ ಸಾಲಿನಲ್ಲಿ ನೆನೆಯುವ ನಾಡಿಗೆ ಇದು ತಡವಾಗಿ ಬಂದ ಅರಿವು.

1948ರ ಕಾಯ್ದೆ ಈಗ ಜಾರಿಯಲ್ಲಿಲ್ಲ. ಅದರ ಸ್ಥಾನದಲ್ಲಿ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅನುಸೂಚಿತ ಉದ್ಯೋಗಗಳೆಂಬ ಹಳೆಯ ಮಿತಿ ಇದರಲ್ಲಿಲ್ಲ. ಕೇಂದ್ರ ಸರಕಾರ ತಳಮಟ್ಟದ ವೇತನವೊಂದನ್ನು ನಿಗದಿಪಡಿಸಬೇಕು; ರಾಜ್ಯಗಳ ದರ ಅದಕ್ಕಿಂತ ಕಡಿಮೆಯಾಗಬಾರದು, ಈಗಾಗಲೇ ಹೆಚ್ಚಿದ್ದರೆ ಅದನ್ನು ಇಳಿಸಲೂಬಾರದು. ತಿಂಗಳ ಸಂಬಳ ಮುಂದಿನ ತಿಂಗಳ ಏಳನೆಯ ದಿನದೊಳಗೆ ಸಲ್ಲಬೇಕು. ಕೆಲಸದಿಂದ ಬಿಡಿಸಿದಾಗ ಅಥವಾ ಕೆಲಸಗಾರನೇ ಬಿಟ್ಟಾಗ ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಬೇಕು. ಹೆಚ್ಚುವರಿ ಅವಧಿಯ ದುಡಿಮೆಗೆ ಎರಡರಷ್ಟು ದರ ಕೊಡಬೇಕು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲದೆ ಕೂಲಿ ಸಲ್ಲಬೇಕು. ಕಡಿಮೆ ಕೊಟ್ಟಿದ್ದರೆ ಮೂರು ವರ್ಷಗಳೊಳಗೆ ಪ್ರಾಧಿಕಾರದ ಮುಂದೆ ಹಕ್ಕು ಮಂಡಿಸಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಲು ಅವಕಾಶವಿದೆ. ಪೂರ್ಣ ಕೂಲಿ ಸಂದಿದೆಯೆಂದು ಸಾಬೀತುಪಡಿಸುವ ಹೊಣೆ ಕೊಡುವವನದೇ ಹೊರತು ಕೇಳುವವನದಲ್ಲ.

ಇವೆಲ್ಲ ಕಾನೂನಿನ ಮಾತುಗಳು. ಆದರೆ ಭಕ್ತನ ಅಂತರಂಗಕ್ಕೂ ಸಂಬಂಧಿಸಿದವು. ಅಂಗಡಿ, ಗಿರಣಿ, ತೋಟ, ಶಾಲೆಗಳನ್ನು ನಡೆಸುವ ಭಕ್ತರು ಮಠದ ದಾಸೋಹಕ್ಕೆ ಉದಾರವಾಗಿ ಅರ್ಪಿಸುವುದುಂಟು. ಅರ್ಪಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಪದಾರ್ಥದಲ್ಲಿ ದುಡಿದವನಿಗೆ ಸಲ್ಲದೆ ಉಳಿದ ಕೂಲಿ ಸೇರಿದೆಯೇ? ಸೇರಿದ್ದರೆ ಅದು ಸತ್ಯಶುದ್ಧ ಕಾಯಕದ ದ್ರವ್ಯವಲ್ಲ. ಆಳಿನ ಮನೆಯ ಗಡಿಗೆಯಿಂದ ತೆಗೆದುಕೊಂಡು ಬಂದ ಅಕ್ಕಿ. ಸೇವೆಯ ಹೆಸರಿನಲ್ಲಿ ಸಂಬಳವನ್ನು ತಗ್ಗಿಸುವ ಧಾರ್ಮಿಕ ಸಂಸ್ಥೆಗಳಿಗೂ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಸೇವೆಯನ್ನು ಮಾಡುವವನು ತಾನಾಗಿ ಅರ್ಪಿಸಬೇಕಲ್ಲದೆ, ಮಾಡಿಸಿಕೊಳ್ಳುವವನು ವಿಧಿಸಲಾಗದು.

ಹೆಚ್ಚು ಅಕ್ಕಿಯನ್ನು ಹೊತ್ತ ಮಾರಯ್ಯನವರು ಅದನ್ನು ಹಿಂದಕ್ಕೆ ಸುರಿಯಲು ಅಂದು ನಡೆದುಹೋದರು. ದುಡಿದವನ ಪಾಲನ್ನು ಇಟ್ಟುಕೊಂಡವರು ನಡೆಯಬೇಕಾದ ದಾರಿಯೂ ಅದೇ. ಕೂಲಿ ಸಂದ ನಂತರವೇ ದಾಸೋಹ. ಅದಕ್ಕೆ ಮೊದಲು ಅರ್ಪಿಸಿದುದು ಲಿಂಗಕ್ಕೆ ಸಲ್ಲದು.