ಹೊಟ್ಟೆಹುಣ್ಣಿನ ಪಥ್ಯ: ಅಂದು ಮತ್ತು ಇಂದು

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವು ಡಮ್ ಡಮ್‌ಗೆ ಬಂದು ನೆಲೆಸಿದ ಮೇಲೂ ಬಿಟ್ಟಿಲ್ಲ. ಆದುದರಿಂದಲೇ ನಮ್ಮವರಲ್ಲಿ ಯಾರಿಗಾದರೂ ಅಲ್ಸರ್ ಎಂದೊಡನೆ ತಪ್ಪನ್ನೆಲ್ಲ ರೋಗಿಯ ಮೇಲೆಯೇ ಹೊರಿಸುತ್ತೇವೆ: ಖಾರ ಹೆಚ್ಚಾಯಿತು, ಹುಳಿ ಹೆಚ್ಚಾಯಿತು, ಆಫೀಸಿನ ಚಿಂತೆ ಹೆಚ್ಚಾಯಿತು. ನೆರೆಯ ಬಂಗಾಳಿಗಳು ಅದನ್ನೇ 'ಅಂಬಲ್' ಎಂದು ಕರೆದು ಓಮದ ಅರ್ಕ ಕೊಡುತ್ತಾರೆ. ಈ ನಂಬಿಕೆಗಳು ಎಲ್ಲಿಂದ ಬಂದವು, ಅವುಗಳಲ್ಲಿ ಇಂದಿಗೂ ನಿಲ್ಲುವಂಥವು ಎಷ್ಟು ಎಂಬುದನ್ನು ನಾವು ತಿಳಿದಿರಬೇಕು.

ಜಠರದಲ್ಲಿ ಆಮ್ಲವಿಲ್ಲದಿದ್ದರೆ ಹುಣ್ಣಾಗದು ಎಂದು ೧೯೧೦ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಸಾರಿದರು. ೧೯೧೫ರಲ್ಲಿ ಷಿಕಾಗೋದ ಡಾ. ಸಿಪ್ಪಿಯವರು ಗಂಟೆಗೊಮ್ಮೆ ಹಾಲು-ಕೆನೆ, ನಡುವೆ ಕ್ಷಾರದ ಪುಡಿ ಎಂಬ ಪಥ್ಯವನ್ನು ಬಳಕೆಗೆ ತಂದರು. ಹಲವು ದಶಕಗಳ ಕಾಲ ಲೋಕವೆಲ್ಲ ಅದನ್ನೇ ಅನುಸರಿಸಿತು. ಹಾಲು ಕುಡಿದಾಗ ಉರಿ ತಣಿಯುವುದೇನೋ ನಿಜ. ಆದರೆ ಬಳಿಕ ಅದೇ ಹಾಲು ಹೆಚ್ಚು ಆಮ್ಲ ಸುರಿಯುವಂತೆ ಮಾಡುತ್ತದೆಂದು ೧೯೭೦ರ ದಶಕದ ಪ್ರಯೋಗಗಳು ತೋರಿಸಿದವು.

ನಮ್ಮ ದೇಶದ ಕಥೆಯೂ ಸ್ವಾರಸ್ಯವಾಗಿದೆ. ರೈಲ್ವೆಯ ವೈದ್ಯಾಧಿಕಾರಿ ಡಾ. ಎಸ್. ಎಲ್. ಮಲ್ಹೋತ್ರ ಅವರು ಗೋಧಿ ಉಣ್ಣುವ ಉತ್ತರದವರಿಗಿಂತ ಅನ್ನ ಉಣ್ಣುವ ದಕ್ಷಿಣದವರಲ್ಲಿ ಹುಣ್ಣು ಬಹಳ ಹೆಚ್ಚೆಂದು ೧೯೬೪ರಲ್ಲಿ ಬರೆದರು. ರೊಟ್ಟಿಯನ್ನು ಚೆನ್ನಾಗಿ ಅಗಿಯಬೇಕು, ಆಗ ಜೊಲ್ಲು ಬೆರೆಯುತ್ತದೆ ಎಂಬುದು ಅವರ ವಾದ. ಮೈಸೂರಿನಲ್ಲಿ 'ಮಿಷನ್ ಆಸ್ಪತ್ರೆ' ಎಂದೇ ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿಯವರು ಭಾರತ ಮತ್ತು ಬಾಂಗ್ಲಾದೇಶಗಳಲ್ಲಿ ಈ ರೋಗದ ಹಂಚಿಕೆಯನ್ನು ಪರಿಶೀಲಿಸಿ ೧೯೭೯ರಲ್ಲಿ ಪ್ರಕಟಿಸಿದರು. ಮುಂದೆ ಅವರೂ ಸಂಗಡಿಗರೂ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ನಮ್ಮ ಹುರುಳಿಕಾಳಿನ ಜಿಡ್ಡಿನ ಅಂಶ ಹುಣ್ಣನ್ನು ತಡೆಯುವುದು ಕಂಡಿತು. ಇಲಿಗೆ ಒಗ್ಗಿದ್ದು ಮನುಷ್ಯನಿಗೆ ಔಷಧವೆಂದು ಹೇಳಲಾಗದು. ಹುರುಳಿಸಾರು ಉಣ್ಣಲು ಅಡ್ಡಿಯೂ ಇಲ್ಲ.

ನಿಜವಾದ ತಿರುವು ೧೯೮೨ರಲ್ಲಿ ಬಂದಿತು. ಆಸ್ಟ್ರೇಲಿಯದ ಪರ್ತ್‌ನಲ್ಲಿ ವಾರೆನ್ ಮತ್ತು ಮಾರ್ಷಲ್ ರೋಗಿಗಳ ಜಠರದಿಂದ ತೆಗೆದ ಚೂರುಗಳನ್ನು ರೋಗಾಣು ಬೆಳೆಸಲು ಇಟ್ಟಿದ್ದರು. ಈಸ್ಟರ್ ರಜೆಯ ದೆಸೆಯಿಂದ ಹೆಚ್ಚು ದಿನ ಉಳಿದ ತಟ್ಟೆಯಲ್ಲಿ, ಇಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಕರೆಯುವ ರೋಗಾಣು ಬೆಳೆದಿತ್ತು. ಯಾರೂ ನಂಬದಿರಲು ೧೯೮೪ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ಕೋಲ್ಕತ್ತದ ರೋಗಾಣುಗಳು ಪಾಶ್ಚಾತ್ಯ ದೇಶಗಳವಕ್ಕಿಂತ ಭಿನ್ನವೆಂದು ೨೦೦೦ದಲ್ಲಿ ಬೆಲೆಘಾಟಾದ ರಾಷ್ಟ್ರೀಯ ಕಾಲರಾ ಸಂಸ್ಥೆಯ ವಿಜ್ಞಾನಿಗಳು ವರದಿ ಮಾಡಿದರು. ನಮ್ಮ ದೇಶದಲ್ಲಿ ಬಹುಮಂದಿಯ ಹೊಟ್ಟೆಯಲ್ಲಿ ಈ ರೋಗಾಣು ಇದ್ದರೂ ಹುಣ್ಣಾಗುವುದು ಕೆಲವರಿಗೆ ಮಾತ್ರ.

ಹಾಗಾದರೆ ರೋಗಿ ಮಾಡಬೇಕಾದುದೇನು? ಮೊದಲು ರೋಗಾಣುವಿನ ಪರೀಕ್ಷೆ. ಇದ್ದರೆ ಡಾಕ್ಟರು ಬರೆದಷ್ಟು ದಿನವೂ ಗುಳಿಗೆಗಳನ್ನು ನುಂಗಬೇಕು; ಉರಿ ನಿಂತಿತೆಂದು ನಾಲ್ಕನೆಯ ದಿನ ಬಿಡಬಾರದು. ಮಂಡಿನೋವು, ತಲೆನೋವಿಗೆಂದು ಅಂಗಡಿಯಿಂದ ನಾವೇ ತಂದು ನುಂಗುವ ಆಸ್ಪಿರಿನ್, ಐಬುಪ್ರೊಫೆನ್‌ಗಳು ಹುಣ್ಣಿನ ಎರಡನೆಯ ಮುಖ್ಯ ಕಾರಣ. ಹೃದಯಕ್ಕೆಂದು ಡಾಕ್ಟರು ಕೊಟ್ಟ ಆಸ್ಪಿರಿನ್ನನ್ನು ಮಾತ್ರ ಕೇಳದೆ ನಿಲ್ಲಿಸಬಾರದು. ಸಿಗರೇಟು, ಬೀಡಿ ಸೇದಿದರೆ ಹುಣ್ಣು ಬೇಗ ಮಾಯದು. ಅವನ್ನು ಬಿಡುವುದೇ ನಿಜವಾದ ಪಥ್ಯ. ಮದ್ಯವೂ ಬೇಡ. ಖಾರದಿಂದಲೇ ಹುಣ್ಣಾಗುತ್ತದೆಂಬುದಕ್ಕೆ ಆಧಾರವಿಲ್ಲ. ಉರಿ ತರುವ ಪದಾರ್ಥವನ್ನು ಅವರವರೇ ಗುರುತಿಸಿ ಬಿಟ್ಟರೆ ಸಾಕು. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಹೊಟ್ಟೆಯಲ್ಲಿ ಹಠಾತ್ತನೆ ಸಹಿಸಲಾಗದ ನೋವೆದ್ದರೆ ಅರ್ಕ, ಮಜ್ಜಿಗೆ ಎಂದು ಕಾಲ ಕಳೆಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ಗಾದೆಯನ್ನು ನಾವು ಬಿಡಬೇಕಾಗಿಲ್ಲ. ರೋಗ ಬಂದವನಿಗೆ ಊಟ ತಿಳಿಯದೆಂದು ಹಳಿಯುವುದನ್ನು ಮಾತ್ರ ಬಿಡಬೇಕು. ಹಾಗೆ ಹಳಿಸಿಕೊಂಡವನು ನೋವನ್ನು ಬಚ್ಚಿಡುತ್ತಾನೆ. ಬಚ್ಚಿಟ್ಟ ಹುಣ್ಣೇ ಪ್ರಾಣಕ್ಕೆ ಎರವಾಗುವುದು.