ಕೊಡದ ನೀರು, ನಲ್ಲಿಯ ನೀರು: ಶಾಲಾ ಕುಡಿಯುವ ನೀರು ಮತ್ತು ಸೀಸದ ಚರಿತ್ರೆ

ನೀರಿನ ಗುಣವನ್ನು ಗುರುತಿಸಲು ಕನ್ನಡ ಜನಪದರು ಬಳಸುವ ಮಾತುಗಳನ್ನು ಒಂದೆಡೆ ಕೂಡಿಸಿದರೆ ಅದೇ ಒಂದು ಸಣ್ಣ ಶಾಸ್ತ್ರವಾಗುತ್ತದೆ. ಸಿಹಿನೀರು, ಸಪ್ಪೆನೀರು, ಉಪ್ಪುನೀರು, ಸವುಳುನೀರು, ಗಡಸುನೀರು ಎಂಬ ವಿಂಗಡಣೆ ನಾಲಿಗೆಯದು. ಬೇಳೆ ಬೇಯುವ ನೀರು, ಬೇಯದ ನೀರು ಎಂಬುದು ಒಲೆಯ ಪರೀಕ್ಷೆ. ಅನ್ನಕ್ಕೆ ತಂಗಳು ಎಂಬ ಮಾತಿರುವಂತೆ ನೀರಿಗೂ ‘ಹಳೆಯದು’ ಎಂಬ ಮಾತುಂಟು. ಬೆಳಗಿನ ಜಾವ ಕೊಡದ ತಳದಲ್ಲಿ ಉಳಿದದ್ದನ್ನು ಗಿಡದ ಬುಡಕ್ಕೆ ಚೆಲ್ಲಿ, ಕೊಡ ಬೆಳಗಿ, ಹೊಸ ನೀರು ತುಂಬುವುದು ಮನೆಯ ಹೆಣ್ಣುಮಕ್ಕಳ ದಿನದ ಮೊದಲ ಕೆಲಸವಾಗಿತ್ತು. ಈ ತಿಳಿವಳಿಕೆಯ ಸಾಧನಗಳು ಕಣ್ಣು, ಮೂಗು, ನಾಲಿಗೆ ಮತ್ತು ಒಲೆಯ ಮೇಲಿನ ಪಾತ್ರೆ. ನೀರಿನಲ್ಲಿ ಕರಗಿದ ಸೀಸ ಇವುಗಳಲ್ಲಿ ಯಾವುದಕ್ಕೂ ಸಿಕ್ಕುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ.

ಹಾಗೆಂದು ಸೀಸ ಜನಪದರಿಗೆ ಅಪರಿಚಿತವಾದ ಲೋಹವಲ್ಲ. ಪಾತ್ರೆಗಳ ಚರಿತ್ರೆಯಲ್ಲಿ ಅದರ ಹೆಜ್ಜೆಗಳಿವೆ. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಣಸೆಯ ಹುಳಿ ನಿಂತರೆ ಕಿಲುಬು ಬಿಡುತ್ತದೆ; ಆದುದರಿಂದ ಒಳಮೈಗೆ ಕಲಾಯಿ ಬೇಕು. ಊರೂರು ತಿರುಗುತ್ತಿದ್ದ ಕಲಾಯಿಗಾರರು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಕರಗಿದ ತವರವನ್ನು ಅರಿವೆಯಿಂದ ಒರೆಸುತ್ತ ಬೆಳ್ಳಿಯಂತೆ ಹೊಳೆಯಿಸುತ್ತಿದ್ದರು. ತವರ ದುಬಾರಿ, ಸೀಸ ಅಗ್ಗ. ಎರಡನ್ನೂ ಬೆರೆಸಿದ ಮಿಶ್ರಣ ಶುದ್ಧ ತವರಕ್ಕಿಂತ ಕಡಿಮೆ ಕಾವಿನಲ್ಲೇ ಕರಗುತ್ತದೆ. ಬೆರಕೆಗೆ ಇದಕ್ಕಿಂತ ಅನುಕೂಲ ಬೇಕಿರಲಿಲ್ಲ. ಶುದ್ಧ ತವರದ ಕಡ್ಡಿಯನ್ನು ಕಿವಿಯ ಬಳಿ ಬಗ್ಗಿಸಿದರೆ ಸಣ್ಣಗೆ ಕಿರುಗುಡುತ್ತದೆ. ಸೀಸ ಸದ್ದಿಲ್ಲದೆ ಬಾಗುತ್ತದೆ, ಕಾಗದದ ಮೇಲೆ ಎಳೆದರೆ ಬೂದುಬಣ್ಣದ ಗೆರೆ ಬಿಡುತ್ತದೆ. ಪೆನ್ಸಿಲಿಗೆ ಕನ್ನಡದಲ್ಲಿ ‘ಸೀಸದ ಕಡ್ಡಿ’ ಎಂಬ ಹೆಸರು ನಿಂತದ್ದನ್ನು ಇಲ್ಲಿ ನೆನೆಯಬಹುದು. ಅದರೊಳಗಿರುವುದು ಗ್ರಾಫೈಟ್ ಮತ್ತು ಜೇಡಿ, ಸೀಸವಿಲ್ಲ. ಮಗು ಪೆನ್ಸಿಲು ಕಚ್ಚಿದರೆ ಗದರುವ ಹಿರಿಯರು ಅದೇ ಶಾಲೆಯ ನಲ್ಲಿಯ ಬಗ್ಗೆ ಚಿಂತಿಸಿದ್ದು ಕಡಿಮೆ.

ಕೊಳವೆಯ ನೀರಿಗೆ ಮೊದಲು ಶಾಲೆಯ ಮೂಲೆಯಲ್ಲಿ ಇದ್ದದ್ದು ಮಣ್ಣಿನ ಹರವಿ ಅಥವಾ ಹಿತ್ತಾಳೆಯ ಕೊಡ, ಮುಚ್ಚಳದ ಮೇಲೊಂದು ಲೋಟ. ಅದನ್ನು ತುಂಬುವ, ತೊಳೆಯುವ ಹೊಣೆ ಒಬ್ಬರ ಮೇಲಿರುತ್ತಿತ್ತು. ಈ ವ್ಯವಸ್ಥೆಯನ್ನು ಹಳೆಯ ಕಾಲದ ಸೊಬಗೆಂದು ಬಣ್ಣಿಸುವುದು ತಪ್ಪಾದೀತು. ಯಾರ ಕೈ ಕೊಡವನ್ನು ಮುಟ್ಟಬಹುದು, ಯಾರು ಬೊಗಸೆಯೊಡ್ಡಿ ಮೇಲಿನಿಂದ ಹೊಯ್ಸಿಕೊಳ್ಳಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ನಲ್ಲಿ ಬಂದ ಮಾತ್ರಕ್ಕೆ ಅದು ಅಳಿಯಲೂ ಇಲ್ಲ. ಬಾಲ್ಯದಲ್ಲಿ ಸಾತಾರದ ಶಾಲೆಯಲ್ಲಿ ನಲ್ಲಿಯನ್ನು ತಾವು ಮುಟ್ಟುವಂತಿರಲಿಲ್ಲ, ಜವಾನ ತಿರುಗಿಸಿದರೆ ಮಾತ್ರ ನೀರು ದೊರೆಯುತ್ತಿತ್ತು ಎಂದು ಡಾ. ಬಿ. ಆರ್. ಅಂಬೇಡ್ಕರ್ ಬರೆದಿಟ್ಟಿದ್ದಾರೆ. ಆದರೂ ಯಾವ ಮಗುವೂ ತಾನೇ ತಿರುಗಿಸಬಹುದಾದ ನಲ್ಲಿ ಕಾಲಕ್ರಮದಲ್ಲಿ ಸಮಾನತೆಯ ವಸ್ತುವಾಯಿತು. ಅದರ ಮೇಲಿನ ಗೌರವ ದೊಡ್ಡದು. ಅದರ ಲೋಹವನ್ನು ಪ್ರಶ್ನಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಕೊಡವನ್ನು ಬೆಳಗುತ್ತಿದ್ದ ಕೈಗೆ ಸಮನಾದ ಕೈ ಕೊಳವೆಗೆ ದೊರೆಯಲಿಲ್ಲ ಎಂಬುದೂ ಅಷ್ಟೇ ನಿಜ.

ಹೆಸರಘಟ್ಟದ ಕೆರೆಯಿಂದ 1896ರಲ್ಲಿ ಬೆಂಗಳೂರಿಗೆ ಕೊಳವೆಯ ನೀರು ಹರಿಯಿತು. ಯುರೋಪು ಅಮೆರಿಕಗಳ ಹಳೆಯ ನಗರಗಳಲ್ಲಿದ್ದಂತೆ ಬೀದಿಯಿಂದ ಮನೆಗೆ ಸೀಸದ್ದೇ ಕೊಳವೆ ಎಳೆಯುವ ರೂಢಿ ಇಲ್ಲಿ ವ್ಯಾಪಕವಾಗಲಿಲ್ಲ. ಇಲ್ಲಿ ಸೀಸ ಬಂದದ್ದು ಬೇರೆ ದಾರಿಗಳಿಂದ. ಜಿ.ಐ. ಪೈಪಿಗೆ ಬಳಿಯುವ ಸತುವಿನಲ್ಲಿ ಅದು ಕಲ್ಮಷವಾಗಿ ಇರುತ್ತದೆ. ಹಿತ್ತಾಳೆಯ ನಲ್ಲಿಯನ್ನು ಸುಲಭವಾಗಿ ಕಡೆಯಲೆಂದು ಲೋಹಕ್ಕೆ ಅದನ್ನು ಸೇರಿಸುತ್ತಾರೆ. ಲೋಹದ ತೊಟ್ಟಿಯ ಬೆಸುಗೆಯಲ್ಲಿ ಅದಿರಬಹುದು. ಬಿಸಿಲು, ಕಾವುಗಳಿಗೆ ಪಿ.ವಿ.ಸಿ. ಕೆಡದಿರಲೆಂದು ಸೀಸದ ಲವಣಗಳನ್ನು ಬೆರೆಸುವ ಪದ್ಧತಿ ಭಾರತದಲ್ಲಿ ದೀರ್ಘಕಾಲ ನಡೆದಿತ್ತು. ಅಂದರೆ ಬಾವಿಯ ಅಥವಾ ಕೆರೆಯ ನೀರು ಶುದ್ಧವಾಗಿದ್ದರೂ ಕೊನೆಯ ಕೆಲವು ಮಾರುಗಳಲ್ಲಿ ಅದು ಕೆಡಬಹುದು. ನೀರು ಎಷ್ಟು ಹೊತ್ತು ಕೊಳವೆಯಲ್ಲಿ ನಿಂತಿರುತ್ತದೆಯೋ ಅಷ್ಟು ಹೆಚ್ಚು ಸೀಸ ಅದಕ್ಕೆ ಇಳಿಯುತ್ತದೆ. ಮನೆಯಲ್ಲಿ ನೀರು ದಿನವಿಡೀ ಓಡಾಡುತ್ತದೆ. ಶಾಲೆಯಲ್ಲಿ ಸಂಜೆಯಿಂದ ಬೆಳಗಿನವರೆಗೆ, ಶನಿವಾರ ಮಧ್ಯಾಹ್ನದಿಂದ ಸೋಮವಾರದವರೆಗೆ, ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ನಿಂತೇ ಇರುತ್ತದೆ. ನಿಂತ ನೀರನ್ನು ಚೆಲ್ಲಿಯೇ ಹೊಸದನ್ನು ಬಳಸಬೇಕೆಂಬ ಕೊಡದ ಕಾಲದ ನಡಾವಳಿ ಇಲ್ಲಿ ಅರ್ಥ ಪಡೆಯುತ್ತದೆ. ಅದು ಸೀಸವನ್ನು ಕಂಡುಹಿಡಿದದ್ದಲ್ಲ, ಅಂಥ ಹಿರಿಮೆಯನ್ನು ಅದಕ್ಕೆ ಕಟ್ಟಬೇಕಾಗಿಲ್ಲ. ಆದರೆ ನಲ್ಲಿ ಬಂದ ಮೇಲೆ ಆ ನಡಾವಳಿ ಬಿಟ್ಟುಹೋಯಿತು.

ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯ ನೀರು ಆರೋಗ್ಯಕರವೆಂದು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲೇ ಬರೆದಿದ್ದ. ಸೀಸದ ಕೆಲಸಗಾರರ ಬಿಳಿಚಿಕೊಂಡ ಮೈಬಣ್ಣವೇ ಅವನ ಪುರಾವೆ. ಆ ಲೋಹದ ಲ್ಯಾಟಿನ್ ಹೆಸರಾದ ‘ಪ್ಲಂಬಂ’ನಿಂದಲೇ ‘ಪ್ಲಂಬರ್’ ಎಂಬ ಮಾತು ಹುಟ್ಟಿ ಕನ್ನಡಕ್ಕೂ ಬಂದಿದೆ. ಎಚ್ಚರ ಮಾತ್ರ ತಡವಾಗಿ ಬಂತು. ಅಮೆರಿಕ ಸಂಯುಕ್ತ ಸಂಸ್ಥಾನ ಕುಡಿಯುವ ನೀರಿಗೆ ಸೀಸದ ಹೊಸ ಕೊಳವೆ, ಬೆಸುಗೆಗಳನ್ನು ನಿಷೇಧಿಸಿದ್ದು 1986ರಲ್ಲಿ. ಶಾಲೆಗಳ ನೀರು ತಂಪಾಗಿಸುವ ಯಂತ್ರಗಳೊಳಗೆ ಸೀಸದ ಒಳಪದರವಿದ್ದದ್ದು ಬೆಳಕಿಗೆ ಬಂದು, 1988ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಕಾಯಿದೆ ಬೇಕಾಯಿತು. ಮಿಷಿಗನ್ ರಾಜ್ಯದ ಫ್ಲಿಂಟ್ ನಗರ 2014ರಲ್ಲಿ ನೀರಿನ ಮೂಲವನ್ನು ಬದಲಿಸಿ, ಸವೆತ ತಡೆಯುವ ರಾಸಾಯನಿಕವನ್ನು ಸೇರಿಸದೆ ಹೋದಾಗ ಹಳೆಯ ಕೊಳವೆಗಳ ಸೀಸ ಮಕ್ಕಳ ರಕ್ತಕ್ಕೆ ಇಳಿಯಿತು.

ಭಾರತದಲ್ಲಿ ಈ ಚರ್ಚೆಗೆ ನೆಲೆಯಾದ ಊರುಗಳಲ್ಲಿ ಬೆಂಗಳೂರು ಮುಖ್ಯವಾದುದು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಏಳು ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ, 12 ವರ್ಷದೊಳಗಿನ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸ ಕಂಡುಬಂತು. 1999ರಲ್ಲಿ ಈ ವಿಷಯವಾಗಿ ಅಂತಾರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರ ದುಡಿಮೆ ಈ ಕ್ಷೇತ್ರದಲ್ಲಿ ಹೆಸರಾದುದು. ಆಗ ಮುಖ್ಯ ಅಪರಾಧಿಯಾಗಿದ್ದದ್ದು ಪೆಟ್ರೋಲ್. 2000ದ ಏಪ್ರಿಲಿನಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಬಂತು. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು 90 ಪಿ.ಪಿ.ಎಂ.ಗೆ ಮಿತಿಗೊಳಿಸುವ ನಿಯಮ 2016ರದು. ಪಿ.ವಿ.ಸಿ. ಪೈಪುಗಳ ನಿಯಮ 2021ರಲ್ಲಿ ಬಂತು. ಅಷ್ಟು ಹೊತ್ತಿಗೆ ನೆಲದೊಳಗೆ ಹೂತ ಪೈಪುಗಳ ಮಾತು ಬೇರೆ. ಕುಡಿಯುವ ನೀರಿನ ಭಾರತೀಯ ಮಾನಕವು 1991ರಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಸೀಸಕ್ಕೆ ಅವಕಾಶ ಕೊಟ್ಟಿತ್ತು. 2012ರಲ್ಲಿ ಅದನ್ನು 0.01ಕ್ಕೆ ಇಳಿಸಿತು. ರಕ್ತದಲ್ಲಿ ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಪಾವಗಡ, ಮುಂಡರಗಿಯಂತಹ ಸೀಮೆಗಳಲ್ಲಿ ನೀರಿನ ಫ್ಲೋರೈಡನ್ನು ಜನ ಹೆಸರಿನಿಂದ ಅರಿಯುವ ಮೊದಲೇ ಮಕ್ಕಳ ಹಲ್ಲಿನ ಕಲೆಯಲ್ಲಿ, ಹಿರಿಯರ ಬಾಗಿದ ಮೂಳೆಯಲ್ಲಿ ಕಂಡಿದ್ದರು. ಕಂಡದ್ದರಿಂದಲೇ ಕೇಳಲು ಸಾಧ್ಯವಾಯಿತು. ಸೀಸ ಅಂಥ ಗುರುತನ್ನು ಬಿಡುವುದು ವಿರಳ. ನುಂಗಿದ ಸೀಸವನ್ನು ಮಗುವಿನ ದೇಹ ವಯಸ್ಕರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಪೆಟ್ಟು ಬೀಳುವುದು ಗಮನಕ್ಕೆ, ನೆನಪಿಗೆ, ಕಲಿಕೆಗೆ. ಕೊನೆಯ ಸಾಲಿನ ಹುಡುಗನನ್ನು ‘ದಡ್ಡ’ ಎನ್ನುವಾಗ ಅವನು ಕುಡಿದ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲ ದಡ್ಡತನಕ್ಕೂ ಸೀಸವೇ ಕಾರಣವೆನ್ನಲಾಗದು. ಆದರೆ ಅಳೆಯದೆ ಅಲ್ಲವೆನ್ನಲೂ ಆಗದು.

ಅಕ್ಷರ ದಾಸೋಹ 2002ರಲ್ಲಿ ಆರಂಭವಾದ ಮೇಲೆ ಶಾಲೆಯ ನೀರು ಕುಡಿಯುವುದಕ್ಕಷ್ಟೇ ಅಲ್ಲ, ಅನ್ನ ಸಾರಿಗೂ ಬಳಕೆಯಾಗತೊಡಗಿತು. 2020ರ ಅಕ್ಟೋಬರ್ 2ರಂದು ಶಾಲೆ, ಅಂಗನವಾಡಿಗಳಿಗೆ ನಲ್ಲಿ ನೀರು ಒದಗಿಸುವ 100 ದಿನಗಳ ರಾಷ್ಟ್ರೀಯ ಅಭಿಯಾನ ಆರಂಭವಾಯಿತು. ಇವು ಬೇಕಾದ ಕೆಲಸಗಳೇ. ಇನ್ನುಳಿದದ್ದು ಮಾದರಿಯನ್ನು ಎಲ್ಲಿ ತೆಗೆಯಬೇಕೆಂಬ ಪ್ರಶ್ನೆ. ಕೊಳವೆಬಾವಿಯ ಬಾಯಲ್ಲಿ ತುಂಬಿದ ಬಾಟಲಿಯಲ್ಲಿ ನಲ್ಲಿಯ ಸೀಸ ಇರುವುದಿಲ್ಲ. ಅಮೆರಿಕದ ಶಾಲೆಗಳಿಗೆ ಅಲ್ಲಿನ ಪರಿಸರ ಇಲಾಖೆ ಸೂಚಿಸಿರುವ ಕ್ರಮದಲ್ಲಿ, 8ರಿಂದ 18 ಗಂಟೆ ನಿಂತ ನೀರಿನ ಮೊದಲ 250 ಮಿಲಿಲೀಟರನ್ನು, ಯಾರೂ ನಲ್ಲಿ ಮುಟ್ಟುವ ಮುನ್ನ, ಕುಡಿಯುವ ಜಾಗದಲ್ಲೇ ಹಿಡಿಯಬೇಕು. ಕನ್ನಡದ ಹಳ್ಳಿಶಾಲೆಯಲ್ಲಿ ಆ ಹೊತ್ತಿಗೆ ಬರುವುದು ಕಸಗುಡಿಸುವ ಸರದಿಯ ಮಕ್ಕಳು. ಸೋಮವಾರ ಬೆಳಿಗ್ಗೆ ನಲ್ಲಿಯ ಮೊದಲ ನೀರಿಗೆ ಬಾಯೊಡ್ಡುವವರೂ ಅವರೇ.