ಕಾಳೀ ನದಿಯ ಜಲಕೀಟಗಳು: ಒಂದು ಚಾರಿತ್ರಿಕ ವಿವೇಚನೆ

ಟ್ರೌಟ್ ಮೀನಿನ ತೊರೆಗಳಿರುವ ಇಂಗ್ಲೆಂಡಿನಲ್ಲಿ ಜಲಕೀಟಗಳನ್ನು ಗುರುತಿಸುವ ವಿದ್ಯೆಗೆ ಗಾಳ ಹಾಕುವವರ ಕೊಡುಗೆ ದೊಡ್ಡದು. ಮೀನು ತಿನ್ನುವ ಕೀಟವನ್ನು ಹೋಲುವ ಕೃತಕ ನೊಣವನ್ನು ಗಾಳಕ್ಕೆ ಕಟ್ಟಬೇಕಾದ ಕಾರಣ ಅವರು ಮೇಫ್ಲೈ ಮೊದಲಾದವುಗಳನ್ನು ಸೂಕ್ಷ್ಮವಾಗಿ ಅವಲೋಕಿಸಿದರು. ಆಲ್ಫ್ರೆಡ್ ರೊನಾಲ್ಡ್ಸ್ 1836ರಲ್ಲಿ ಪ್ರಕಟಿಸಿದ ಗ್ರಂಥ ಈ ಪರಂಪರೆಯದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಪ್ರದೇಶದಲ್ಲಿ ಕೀಟಪರಿಚಯವು ಬೇರೊಂದು ದಾರಿ ಹಿಡಿಯಿತು. ಆ ದಾರಿಯನ್ನೂ ಅದರ ಫಲವನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿಯು ಟ್ರೌಟ್ ನದಿಯಲ್ಲ. ಮಹಶೀರ್ ಮೀನಿನ ನದಿ. ಇಲ್ಲಿ ಕೀಟಗಳನ್ನು ಅಭ್ಯಸಿಸಿದವರು ಸರಕಾರಿ ಅಧಿಕಾರಿಗಳು. ಡೇವಿಡ್‌ಸನ್, ಬೆಲ್ ಮತ್ತು ಐಟ್ಕನ್ ಎಂಬ ಮೂವರು ಈ ಜಿಲ್ಲೆಯ ಚಿಟ್ಟೆಗಳ ವಿವರಣೆಯನ್ನು 1896ರಿಂದ ಬೊಂಬಾಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. 'ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತು' ಗ್ರಂಥಮಾಲೆಯಲ್ಲಿ ಫ್ರೇಜರ್ ಅವರು ಡ್ರ್ಯಾಗನ್‌ಫ್ಲೈಗಳ ಬಗ್ಗೆ 1933, 1934, 1936ರಲ್ಲಿ ಮೂರು ಸಂಪುಟಗಳನ್ನು ರಚಿಸಿದರು. ಮೇಫ್ಲೈಗಳಿಗೆ ಅದರಲ್ಲಿ ಒಂದು ಸಂಪುಟವೂ ಮೀಸಲಾಗಲಿಲ್ಲ. ಬಣ್ಣದ ರೆಕ್ಕೆಗಳಿಗೆ ದೊರೆತ ಗೌರವವು ಕಲ್ಲಿನಡಿಯ ಮರಿಹುಳುವಿಗೆ ದೊರೆಯಲಿಲ್ಲವೆಂದು ಹೇಳಬಹುದು.

ಆದರೂ ಇವುಗಳನ್ನು ಗಣಮಟ್ಟದಲ್ಲಿ ಗುರುತಿಸುವುದು ಕಠಿನವಲ್ಲ. ಮೇಫ್ಲೈ ಮರಿಗೆ ಹೊಟ್ಟೆಯ ಪಕ್ಕಗಳಲ್ಲಿ ಕಿವಿರುಗಳೂ, ಸಾಮಾನ್ಯವಾಗಿ ಮೂರು ಬಾಲದೆಳೆಗಳೂ, ಪ್ರತಿ ಕಾಲಿನ ತುದಿಯಲ್ಲಿ ಒಂದೇ ಉಗುರೂ ಇರುತ್ತವೆ. ಸ್ಟೋನ್‌ಫ್ಲೈ ಮರಿಗೆ ಬಾಲದೆಳೆಗಳು ಎರಡು, ಕಾಲಿನ ಉಗುರುಗಳು ಎರಡು. ಕ್ಯಾಡಿಸ್ ಮರಿಗಳಲ್ಲಿ ಅನೇಕವು ಮರಳು, ಕಡ್ಡಿಚೂರುಗಳಿಂದ ಗೂಡು ಕಟ್ಟಿಕೊಳ್ಳುತ್ತವೆ. ಡ್ರ್ಯಾಗನ್‌ಫ್ಲೈ ಮರಿ ತನ್ನ ಕೆಳದುಟಿಯನ್ನು ಮುಂದಕ್ಕೆ ಚಾಚಿ ಬೇಟೆಯನ್ನು ಹಿಡಿಯುತ್ತದೆ.

ಈ ಪರಿಚಯದ ಪ್ರಯೋಜನ ಮೀನುಗಾರಿಕೆಗಷ್ಟೇ ಸೀಮಿತವಲ್ಲ. ಮೊದಲೆರಡು ಗಣಗಳ ಅನೇಕ ಜಾತಿಗಳಿಗೆ ಆಮ್ಲಜನಕ ಸಮೃದ್ಧವಾದ ಹರಿಯುವ ನೀರು ಬೇಕು. ಜರ್ಮನಿಯಲ್ಲಿ ಕೊಲ್ಕ್‌ವಿಟ್ಸ್ ಮತ್ತು ಮಾರ್ಸನ್ 1909ರಲ್ಲಿ ಪ್ರಾಣಿಗಳ ಆಧಾರದಿಂದ ನೀರಿನ ಮಾಲಿನ್ಯವನ್ನು ಅಳೆಯುವ ಕ್ರಮವನ್ನು ನಿರೂಪಿಸಿದರು. ಹೈನ್ಸ್ ಅವರ ಗ್ರಂಥ 1960ರಲ್ಲಿ ಅದನ್ನು ವಿಸ್ತರಿಸಿ ಚರ್ಚಿಸಿತು. ಅದೇ ಕಾಲದಲ್ಲಿ, 1959ರಲ್ಲಿ, ದಾಂಡೇಲಿಯ ಕಾಗದ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿತು. ಜಲಮಾಲಿನ್ಯ ನಿಯಂತ್ರಣದ ಕೇಂದ್ರ ಶಾಸನ ಬಂದುದು 1974ರಲ್ಲಿ. 1980ರ ದಶಕದಲ್ಲಿ ಸೂಪಾ ಅಣೆಕಟ್ಟು ಪೂರ್ಣಗೊಂಡು ಸೂಪಾ ಊರು ಮುಳುಗಿತು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಹೋಯಿತು.

ಇಲ್ಲಿಯೇ ಇತಿಹಾಸದ ತೊಡಕು ಎದುರಾಗುತ್ತದೆ. ಕಾರ್ಖಾನೆಯ ಮೇಲಣ ನೀರನ್ನು ಕೆಳಗಿನ ನೀರಿನೊಡನೆ ಹೋಲಿಸುವುದು ರೂಢಿಯ ಕ್ರಮ. ದಾಂಡೇಲಿಯಲ್ಲಿ ಆ ಮೇಲಣ ನೀರು ಕೂಡ ಸೂಪಾ ಅಣೆಕಟ್ಟಿನಿಂದ ಇಳಿದು ಬಂದುದು. ವಿದ್ಯುತ್ತಿಗಾಗಿ ನೀರು ಬಿಟ್ಟಂತೆ ಅದರ ಹರಿವು ಏರಿಳಿಯುತ್ತದೆ. ಆದುದರಿಂದ ಅದನ್ನು ನದಿಯ ಮೂಲಸ್ಥಿತಿಯೆಂದು ಪರಿಗಣಿಸಲಾಗದು. ಮುಂಡಗೋಡದ ಅತ್ತಿವೇರಿಯಂತಹ ಜಲಾಶಯಗಳೂ ಮಾನದಂಡವಾಗಲಾರವು. ನಿಂತ ನೀರಿನ ಕೀಟಸಮೂಹವೇ ಬೇರೆ. ಜೋಯಿಡಾದ ಅರಣ್ಯದೊಳಗೆ ಅಣೆಕಟ್ಟಿಲ್ಲದೆ ಹರಿಯುವ ಉಪತೊರೆಗಳೇ ನಮಗೆ ಉಳಿದಿರುವ ಸಾಕ್ಷ್ಯ.

ಹಳೆಯ ಗ್ರಂಥಗಳು ಬರೆಯದೆ ಬಿಟ್ಟ ಅಧ್ಯಾಯವನ್ನು ಈ ತೊರೆಗಳ ಕಲ್ಲುಗಳಡಿಯಲ್ಲಿ ಇಂದಿಗೂ ಓದಬಹುದು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಋತುಋತುವಿಗೆ ಅಲ್ಲಿನ ಕೀಟಗಳನ್ನು ಗಣವಾರು ಎಣಿಸಿ, ಸ್ಥಳ ಮತ್ತು ದಿನಾಂಕದೊಡನೆ ದಾಖಲಿಸುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ. ಮುಂದಿನ ತಲೆಮಾರು ಕಾಳಿಯ ಸ್ಥಿತಿಯನ್ನು ಅಳೆಯಹೊರಟಾಗ ಅದಕ್ಕೆ ಆಧಾರವಾಗುವುದು ಇಂತಹ ದಾಖಲೆಯೇ.